ಹಳೇ ಜೀಪಿನ ಪ್ಲೇಟ್ ಸೆಟ್ ಬದಲಾವಣೆ: ಅಳತೆಯಿಂದ ಮರುಬಿಗಿತದವರೆಗೆ

ಹೊಸ ಪ್ಲೇಟ್ ಸೆಟ್ (ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳ ಕಂತೆ, ಅಂದರೆ ಲೀಫ್ ಸ್ಪ್ರಿಂಗ್) ಹಾಕಿಸಿ ಮಳೆಗಾಲ ಕಳೆಯುವುದರೊಳಗೆ ಎರಡೂ ತುದಿಯಲ್ಲಿ ಕಣ್ಣು ಸುತ್ತಿರುವ ಉದ್ದನೆಯ ಮೇನ್ ಪ್ಲೇಟು ತುಂಡಾದರೆ ಎಲ್ಲರೂ ಬೈಯುವುದು ಪ್ಲೇಟನ್ನೇ. ಕಬ್ಬಿಣ ಸರಿಯಿರಲಿಲ್ಲ, ಈಗಿನ ಮಾಲು ಹೀಗೇ ಎನ್ನುತ್ತಾರೆ. ತುಂಡಾದ ಜಾಗವನ್ನು ನೋಡಿದರೆ ಬಹಳ ಸಲ ಬೇರೆಯೇ ಕಾರಣ ಸಿಗುತ್ತದೆ: ಮುರಿತ, ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಮೇಲೇ ಇರುತ್ತದೆ, ಕಂತೆಯನ್ನು ಆಕ್ಸಲ್ಲಿಗೆ ಬಿಗಿಯುವ ಯೂ ಬೋಲ್ಟು ಸಡಿಲವಾಗಿರುತ್ತದೆ. ಹಳೇ ಮಹೀಂದ್ರಾ ಜೀಪುಗಳಲ್ಲಿ ಪ್ಲೇಟ್ ಬದಲಾಯಿಸುವುದೆಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಬೋಲ್ಟು, ಬುಷ್ಷು (ಕಣ್ಣಿನೊಳಗೆ ಕೂರುವ ತೋಳು), ಸೀಟು (ಆಕ್ಸಲ್ಲಿನ ಮೇಲೆ ಪ್ಲೇಟು ತಾಗಿ ಕೂರುವ ಜಾಗ) ಇವುಗಳದ್ದೇ. ಈ ಬರಹದಲ್ಲೂ ಹೆಚ್ಚು ಜಾಗ ಅವಕ್ಕೇ ಹೋಗಿದೆ.

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಈ ಜೀಪುಗಳು ಇನ್ನೂ ದುಡಿಯುತ್ತಿವೆ. ಗಾಳಿಯಂತ್ರಗಳಿರುವ ಗುಡ್ಡದ ಕಚ್ಚಾ ದಾರಿ, ಹೊಸದುರ್ಗ–ಹೊಳಲ್ಕೆರೆ ಕಡೆಯ ಗಣಿ ರಸ್ತೆ, ಜೋಗಿಮಟ್ಟಿಯಂಥ ಕಲ್ಲು ಏರು ಒಂದು ಬಗೆ. ದಾವಣಗೆರೆ ಸುತ್ತಿನ ಎರೆ ಹೊಲದ ದಾರಿ ಇನ್ನೊಂದು ಬಗೆ. ಕಲ್ಲು ದಾರಿ ಪ್ಲೇಟಿನ ಕಮಾನು ತಿನ್ನುತ್ತದೆ, ಯೂ ಬೋಲ್ಟು ಸಡಿಲಿಸುತ್ತದೆ. ಎರೆ ಮಣ್ಣು ಪ್ಲೇಟುಗಳ ಸಂದಿಯಲ್ಲೂ ಬ್ರಾಕೆಟಿನ ಮೂಲೆಯಲ್ಲೂ ಮೆತ್ತಿಕೊಂಡು ತೇವ ಹಿಡಿದಿಟ್ಟು ತುಕ್ಕು ಬರಿಸುತ್ತದೆ. ಗಾಡಿ ಯಾವ ಮಣ್ಣಿನಲ್ಲಿ ಓಡಿದೆ ಎಂದು ಗೊತ್ತಿದ್ದರೆ ಎಲ್ಲಿ ಮೊದಲು ಕಣ್ಣಿಡಬೇಕು ಎಂಬುದೂ ಗೊತ್ತಾಗುತ್ತದೆ.

ಪ್ಲೇಟ್ ಸವೆದಿದೆಯೇ?

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಖಾಲಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಮಡ್‌ಗಾರ್ಡಿನಿಂದ ಅಳೆಯಬೇಡಿ, ಹಳೇ ಗಾಡಿಯ ಬಾಡಿ ಎಲ್ಲೋ ಸೊಟ್ಟಗಾಗಿರುತ್ತದೆ. ಆಕ್ಸಲ್ ಹೌಸಿಂಗಿನ (ಆಕ್ಸಲ್ಲಿನ ಹೊರಕವಚ) ಮೇಲ್ಭಾಗದಿಂದ ಚಾಸಿಯ ತಳದವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಎಡ–ಬಲದ ನಡುವೆ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸವನ್ನು ಹರಿದ ಬುಷ್ ಒಂದೇ ತರಬಲ್ಲದು. ಎರಡು, ಎರಡೂವರೆ ಸೆಂಟಿಮೀಟರ್ ಇದ್ದರೆ ಪ್ಲೇಟನ್ನೇ ಅನುಮಾನಿಸಿ. ಡ್ರೈವರ್ ಒಬ್ಬನೇ ಓಡಾಡುವ ದಿನಗಳೇ ಹೆಚ್ಚಾದ್ದರಿಂದ ಅವನ ಕಡೆಯ ಸೆಟ್ ಮೊದಲು ಕುಸಿಯುವುದು ಸಾಮಾನ್ಯ.

ಖಾಲಿ ಗಾಡಿಯಲ್ಲೇ ಪ್ಲೇಟು ನೇರವಾಗಿದ್ದರೆ, ಅಥವಾ ಕಮಾನು ತಿರುವುಮುರುವಾಗಿದ್ದರೆ, ಆ ಸೆಟ್‌ನ ಕಾಲ ಮುಗಿಯಿತು. ಬಿರುಕು ಹುಡುಕಲು ಹಳೇ ಉಪಾಯವೇ ಸಾಕು: ಪ್ಲೇಟನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಮುಖ್ಯವಾಗಿ ಮೇನ್ ಪ್ಲೇಟಿನ ಕಣ್ಣಿನ ಬುಡ, ಯೂ ಬೋಲ್ಟಿನ ಅಂಚು, ಚಿಕ್ಕ ಪ್ಲೇಟಿನ ತುದಿ ಮೇಲಿನ ಪ್ಲೇಟಿಗೆ ಒತ್ತುವ ಜಾಗ, ಈ ಮೂರು ಕಡೆ ನೋಡಿ.

ಸೆಂಟರ್ ಬೋಲ್ಟು ಒಳಗೇ ಮುರಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಹಸಿ ಮಣ್ಣಿನ ಮೇಲೆ ನೇರವಾಗಿ ನಿಧಾನಕ್ಕೆ ಓಡಿಸಿ ಟೈರಿನ ಅಚ್ಚು ನೋಡಿ. ಹಿಂದಿನ ಚಕ್ರದ ಅಚ್ಚು ಮುಂದಿನದರಿಂದ ಒಂದೇ ಪಕ್ಕಕ್ಕೆ ಸರಿದಿದ್ದರೆ ಹೌಸಿಂಗ್ ಒಂದು ಕಡೆ ಹಿಂದಕ್ಕೆ ಜರುಗಿದೆ ಎಂದರ್ಥ. ಸೀಟಿನ ಅಂಚಿನಲ್ಲಿ ಹೊಳೆಯುವ ಉಜ್ಜು ಗುರುತು ಕಂಡರೂ ಅದೇ ಕಥೆ.

ಕಮಾನು ಏರಿಸುವುದೋ, ಹೊಸದೋ?

ಹೆದ್ದಾರಿ 48 ಮತ್ತು 50 ಕೂಡುವ ಚಿತ್ರದುರ್ಗದಲ್ಲಾಗಲಿ ದಾವಣಗೆರೆಯ ಪಿ.ಬಿ. ರಸ್ತೆಯ ಕಡೆಯಾಗಲಿ ಲಾರಿ ಪ್ಲೇಟ್ ಕೆಲಸದವರು ಸಿಗುತ್ತಾರೆ. ಹಳೇ ಸೆಟ್ಟನ್ನು ಬಡಿದು ಕಮಾನು ಏರಿಸಿಕೊಡುತ್ತಾರೆ. ಖರ್ಚು ಕಡಿಮೆ, ಗಾಡಿ ಸಂಜೆಗೇ ವಾಪಸ್. ಆದರೆ ತಣ್ಣಗೆ ಬಡಿದು ಏರಿಸಿದ ಕಮಾನು ದಣಿದ ಉಕ್ಕಿನ ಮೇಲೆ ಏರಿಸಿದ್ದು, ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದರೆ ಇನ್ನೂ ಕೆಟ್ಟದ್ದು: ಕಾಯಿಸಿದ ಮೇಲೆ ಎಣ್ಣೆಯಲ್ಲಿ ತಣಿಸಿ ಮತ್ತೆ ಹದಕ್ಕೆ ಕಾಯಿಸುವ ಕೆಲಸ ಸರಿಯಾಗಿ ಆಗದಿದ್ದರೆ ಪ್ಲೇಟು ಮೆತ್ತಗಾಗಿ ಸ್ಪ್ರಿಂಗ್ ಗುಣವನ್ನೇ ಕಳೆದುಕೊಳ್ಳುತ್ತದೆ. ಮೇನ್ ಪ್ಲೇಟು ಬಿರುಕಿಲ್ಲದೆ, ಕಣ್ಣು ತೆರೆದುಕೊಳ್ಳದೆ ಇದ್ದು, ಗಾಡಿ ಊರೊಳಗೆ ಮಾತ್ರ ಓಡುವುದಾದರೆ ಕಮಾನು ಏರಿಸಿಕೊಳ್ಳಿ. ಗುಡ್ಡ ಹತ್ತುವ ಗಾಡಿಗೆ ಹೊಸ ಸೆಟ್ಟೇ ಸರಿ.

ಒಡೆದ ಪ್ಲೇಟಿಗೆ ವೆಲ್ಡಿಂಗ್ ಬೇಡವೇ ಬೇಡ. ವೆಲ್ಡ್ ಪಕ್ಕದ ಜಾಗ ಗಾಜಿನಂತೆ ಪೆಡಸಾಗಿ ಅಲ್ಲೇ ಮತ್ತೆ ಮುರಿಯುತ್ತದೆ, ಬಹುಶಃ ಇಳಿಜಾರಿನಲ್ಲಿ. ಒಂದೇ ಹೊಸ ಪ್ಲೇಟನ್ನು ಹಳೇ ಸೆಟ್ಟಿಗೆ ಸೇರಿಸುವುದೂ ಒಳ್ಳೆಯದಲ್ಲ. ಹೊಸದರ ಕಮಾನು ಹೆಚ್ಚಿರುವುದರಿಂದ ಭಾರವನ್ನು ಅದೊಂದೇ ಹೊರುತ್ತದೆ, ಮೊದಲು ಮುರಿಯುವುದೂ ಅದೇ. ಹಾಕುವುದಾದರೆ ಒಂದು ಆಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ ಹಾಕಿ.

ಅಂಗಡಿಗೆ ಹೋಗುವ ಮುನ್ನ

"540ಕ್ಕೆ (ಮಹೀಂದ್ರಾ ಎಂಎಂ 540 ಜೀಪಿಗೆ) ಹಿಂದಿನ ಸೆಟ್ ಕೊಡಿ" ಎಂದರೆ ಅಂಗಡಿಯವರು ಏನೋ ಒಂದು ಕೊಡುತ್ತಾರೆ. ನಲವತ್ತು ವರ್ಷದ ಗಾಡಿಗೆ ಯಾರು ಯಾವಾಗ ಯಾವ ಆಕ್ಸಲ್ ಹಾಕಿದ್ದಾರೋ ತಿಳಿಯದು. ಅಳತೆ ತೆಗೆದುಕೊಂಡು ಹೋಗಿ:

– ಪ್ಲೇಟಿನ ಅಗಲ. ವಿಲ್ಲೀಸ್ (ಮೂಲ ಅಮೆರಿಕನ್ ಜೀಪ್) ವಿನ್ಯಾಸದ ಹಳೇ ಜೀಪುಗಳಲ್ಲಿ 1¾ ಇಂಚು, ಅಂದರೆ 44.5 ಮಿ.ಮೀ. ಬೇರೆ ಮಾದರಿಗಳಲ್ಲಿ ಬೇರೆ ಇರಬಹುದು.
– ಕಣ್ಣಿನ ನಡುವಿನಿಂದ ಸೆಂಟರ್ ಬೋಲ್ಟಿನವರೆಗೆ ಮೇನ್ ಪ್ಲೇಟಿನ ಮೈಗುಂಟ ಅಳತೆ, ಮುಂದಿನ ಅರ್ಧ ಮತ್ತು ಹಿಂದಿನ ಅರ್ಧ ಬೇರೆ ಬೇರೆಯಾಗಿ. ಎರಡೂ ಅರ್ಧ ಸಮನಾಗಿರಬೇಕೆಂದೇನಿಲ್ಲ.
– ಪ್ಲೇಟುಗಳ ಸಂಖ್ಯೆ, ಒಂದೊಂದರ ದಪ್ಪ.
– ಕಣ್ಣಿನ ಒಳವ್ಯಾಸ, ಬುಷ್ ತೆಗೆದ ಮೇಲೆ.
– ಸೆಂಟರ್ ಬೋಲ್ಟಿನ ತಲೆಯ ವ್ಯಾಸ ಮತ್ತು ಎತ್ತರ. ಹೌಸಿಂಗಿನ ಸೀಟಿನ ತೂತಿನಲ್ಲಿ ಕೂರುವುದು ಈ ತಲೆಯೇ.

ಕೆಲವು ಗಾಡಿಗಳಲ್ಲಿ ಎಡ–ಬಲದ ಸೆಟ್ ಒಂದೇ ಅಲ್ಲ. ಬಿಚ್ಚುವಾಗಲೇ ಬಣ್ಣದಲ್ಲಿ ಗುರುತು ಹಾಕಿ, ಯಾವ ತುದಿ ಮುಂದಿತ್ತು ಎಂಬುದನ್ನೂ ಸೇರಿಸಿ.

ಒಂದು ಆಕ್ಸಲ್ಲಿಗೆ ಬೇಕಾಗುವ ಸಾಮಾನು: ಎರಡು ಪ್ಲೇಟ್ ಸೆಟ್, ನಾಲ್ಕು ಹೊಸ ಯೂ ಬೋಲ್ಟು, ಎಂಟು ಹೊಸ ನಟ್ಟು, ಗಟ್ಟಿ ವಾಷರ್, ನಾಲ್ಕೂ ಕಣ್ಣಿಗೆ ಮತ್ತು ಚಾಸಿ ಕಡೆಯ ಎರಡು ಶಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ತೂತಿಗೆ ಬುಷ್, ಪಿನ್ನುಗಳು, ಎರಡು ಹೆಚ್ಚುವರಿ ಸೆಂಟರ್ ಬೋಲ್ಟು. ಎರಡು ತುಂಡಿನ ರಬ್ಬರ್ ಬುಷ್ ಆದರೆ ಒಂದು ತೂತಿಗೆ ಎರಡರಂತೆ ಹನ್ನೆರಡು. ಗನ್‌ಮೆಟಲ್ ಬುಷ್ ಆದರೆ ಗ್ರೀಸ್ ನಿಪ್ಪಲ್ಲೂ ಹೊಸದು.

ಯೂ ಬೋಲ್ಟು ಹಳೆಯದನ್ನೇ ಹಾಕುವುದು ಬಹಳ ಕಡೆ ರೂಢಿ. ಒಮ್ಮೆ ಪೂರ್ತಿ ಬಿಗಿದ ಯೂ ಬೋಲ್ಟು ಎಳೆದುಕೊಂಡಿರುತ್ತದೆ, ಥ್ರೆಡ್ ತುಕ್ಕು ತಿಂದಿರುತ್ತದೆ. ಅದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಸಾದಾ ಕಬ್ಬಿಣದ ಸರಳನ್ನು ಬಗ್ಗಿಸಿ ಥ್ರೆಡ್ ಕೊರೆದು ಕೊಡುವ ಯೂ ಬೋಲ್ಟು ಇನ್ನೂ ಕೆಡುಕು. 8.8 ಗ್ರೇಡಿನ (ಹೆಚ್ಚು ಬಲದ ಉಕ್ಕಿನ ದರ್ಜೆ), ಕೊರೆದ ಬದಲು ಉರುಳಿಸಿ ಮಾಡಿದ ಥ್ರೆಡ್ಡಿನದ್ದನ್ನೇ ಕೇಳಿ. ಹಳೇ ಗಾಡಿಯಲ್ಲಿ ಇಂಚಿನ ಥ್ರೆಡ್ ಇರುವುದುಂಟು. 7/16 ಇಂಚು ಎಂದರೆ 11.1 ಮಿ.ಮೀ., ಕಣ್ಣಂದಾಜಿಗೆ 12 ಮಿ.ಮೀ. ಎಂದೇ ಕಾಣುತ್ತದೆ. ವರ್ನಿಯರ್ ಹಿಡಿದು ನೋಡಿಯೇ ತನ್ನಿ.

ಬಿಚ್ಚುವುದು

ಎರಡು ದಿನ ಮೊದಲೇ ಎಲ್ಲಾ ನಟ್ಟುಗಳ ಮಣ್ಣು ತೊಳೆದು, ಥ್ರೆಡ್ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಿಗ್ಗೆ ಸಂಜೆ ಹಾಕಿದರೆ ಗ್ರೈಂಡರ್ ಹಿಡಿಯುವ ಪ್ರಸಂಗ ಅರ್ಧ ಕಡಿಮೆಯಾಗುತ್ತದೆ. ಬೇಕಾದ ಸಲಕರಣೆ: ಟ್ರಾಲಿ ಜಾಕ್, ಎರಡು ಗಟ್ಟಿ ಜಾಕ್ ಸ್ಟ್ಯಾಂಡ್, ಸಾಕೆಟ್ ಸೆಟ್ ಮತ್ತು ಉದ್ದ ಹಿಡಿ, ಹಾರೆ, ಸುತ್ತಿಗೆ, ಹಿತ್ತಾಳೆ ಡ್ರಿಫ್ಟ್, ಎರಡು ದೊಡ್ಡ ಸಿ ಕ್ಲಾಂಪ್, ಟಾರ್ಕ್ ರೆಂಚ್.

ಒಂದು ಎಚ್ಚರಿಕೆ. ವಿಲ್ಲೀಸ್ ವಿನ್ಯಾಸದ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲಿಗೆ ಹಂಚುವ ಗೇರ್ ಪೆಟ್ಟಿಗೆ) ಹಿಂಭಾಗದಲ್ಲಿ, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ ಆ ಚಕ್ರವನ್ನು ತಿರುಗಲು ಬಿಡುತ್ತದೆ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಆದ್ದರಿಂದ ಹಿಂದೆ ಎತ್ತುವಾಗ ಮುಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಮರದ ಒತ್ತು ಕೊಡಲೇಬೇಕು.

ಸ್ಟ್ಯಾಂಡ್ ಕೊಡುವುದು ಚಾಸಿಯ ಕೆಳಗೆ. ಟ್ರಾಲಿ ಜಾಕ್ ಹೌಸಿಂಗ್ ಕೆಳಗೆ ಇರಲಿ, ಹೌಸಿಂಗನ್ನು ಏರಿಸಿ ಇಳಿಸಲು ಅದು ಬೇಕು. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆಯ ಪ್ಲೇಟು ಜಾಗದಲ್ಲೇ ಇದ್ದರೆ ಹೌಸಿಂಗ್ ಮಗುಚಿಕೊಳ್ಳುವುದಿಲ್ಲ, ಕೂಡಿಸುವಾಗ ಒದ್ದಾಟವೂ ಇಲ್ಲ.

ಶಾಕ್ ಅಬ್ಸಾರ್ಬರ್‌ನ ಕೆಳಗಿನ ತುದಿ ಬಿಡಿಸಿ. ಹೌಸಿಂಗ್ ಇಳಿಸುವಾಗ ಬ್ರೇಕ್ ಹೋಸಿನ ಮೇಲೆ ಕಣ್ಣಿರಲಿ. ಅದು ಬಿಗಿಯಾಗುತ್ತಿದೆ ಎನಿಸಿದರೆ ಬ್ರಾಕೆಟ್ಟಿನಿಂದ ಬಿಡಿಸಿ, ತೂಗುಬಿಡಬೇಡಿ. ಯೂ ಬೋಲ್ಟಿನ ನಟ್ಟು ಸುತ್ತದಿದ್ದರೆ ಕತ್ತರಿಸಿ, ಹೇಗೂ ಹೊಸದು ಹಾಕುವುದೇ. ಕಿಡಿ ಹಾರುವ ದಿಕ್ಕಿನಲ್ಲಿ ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು ಇದ್ದರೆ ಒದ್ದೆ ಗೋಣಿಚೀಲ ಹೊದಿಸಿ.

ಈ ಜೀಪುಗಳಲ್ಲಿ ಪ್ಲೇಟು ಸಾಮಾನ್ಯವಾಗಿ ಹೌಸಿಂಗಿನ ಕೆಳಗೆ ಹಾಯುತ್ತದೆ, ಯೂ ಬೋಲ್ಟು ಮೇಲಿನಿಂದ ಇಳಿದು ಕೆಳಗಿನ ತಟ್ಟೆಯಲ್ಲಿ ನಟ್ಟು ಕೂರುತ್ತದೆ. ತಟ್ಟೆ ಬಿಟ್ಟ ಮೇಲೆ ಹೌಸಿಂಗನ್ನು ಸ್ವಲ್ಪ ಎತ್ತಿ ಸೆಂಟರ್ ಬೋಲ್ಟಿನ ತಲೆ ಸೀಟಿನಿಂದ ಬಿಡಿಸಿ. ಮೊದಲು ಶಾಕಲ್ ಕಡೆಯ ತುದಿ ಬಿಡಿಸಿ, ಆಮೇಲೆ ಇನ್ನೊಂದು ತುದಿಯನ್ನು ಚಾಸಿಯ ಬ್ರಾಕೆಟ್ಟಿಗೆ ಹಿಡಿದಿರುವ ಸ್ಥಿರ ಪಿನ್ನು. ಸೆಟ್ ಭಾರ ಇರುತ್ತದೆ, ಕೆಳಗೆ ಮರದ ದಿಮ್ಮಿ ಇಟ್ಟುಕೊಳ್ಳಿ.

ತುಂಬ ಹಳೇ ಜೀಪುಗಳಲ್ಲಿ ಯೂ ಆಕಾರದ ಶಾಕಲ್ ಇದ್ದು ಅದಕ್ಕೇ ಥ್ರೆಡ್ ಇರುವ ಬುಷ್ ಸುತ್ತಿರುತ್ತಾರೆ. ಅವುಗಳಲ್ಲಿ ಕೆಲವು ಎಡಗೈ ಥ್ರೆಡ್ಡಿನವು. ಯಾವ ದಿಕ್ಕಿನ ಥ್ರೆಡ್ ಎಂದು ನೋಡದೆ ಪೈಪ್ ಹಾಕಿ ತಿರುವಿದರೆ ಬುಷ್ಷೂ ಹೋಯಿತು, ಶಾಕಲ್ಲೂ ಹೋಯಿತು. ರಬ್ಬರ್ ಬುಷ್ಷಿನವುಗಳಲ್ಲಿ ಒಳಗಿನ ಕಬ್ಬಿಣದ ತೋಳು ಪಿನ್ನಿಗೆ ತುಕ್ಕಿನಿಂದ ಅಂಟಿಕೊಂಡು ಹೊರಬರುವುದೇ ಇಲ್ಲ. ಬೆಂಕಿ ಹಚ್ಚಿ ರಬ್ಬರ್ ಸುಡುವವರಿದ್ದಾರೆ. ಆ ಹೊಗೆ ವಿಷ, ಟ್ಯಾಂಕೂ ಹತ್ತಿರ. ಕಣ್ಣಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಎರಡೂ ಕಡೆ ಪಿನ್ನು ಕೊಯ್ಯುವುದು ನಿಧಾನವಾದರೂ ಕ್ಷೇಮ.

ಖಾಲಿ ಜಾಗದಲ್ಲಿ ನೋಡಬೇಕಾದ್ದು

ಪ್ಲೇಟು ಹೊರಬಂದ ಮೇಲೆ ಹೊಸದನ್ನು ಏರಿಸುವ ಆತುರ ಬೇಡ. ಸೀಟಿನ ನಡುವಿನ ತೂತು ಗುಂಡಗಿದೆಯೇ ಮೊಟ್ಟೆಯಾಕಾರವಾಗಿದೆಯೇ ನೋಡಿ. ಮೊಟ್ಟೆಯಾಕಾರವಾಗಿದ್ದರೆ ಸೆಂಟರ್ ಬೋಲ್ಟಿನ ತಲೆ ಅಲ್ಲಿ ಹಿಡಿದುಕೊಳ್ಳದೆ ಹೌಸಿಂಗ್ ಮತ್ತೆ ಜರುಗುತ್ತದೆ. ತುಂಬಿಸಿ ಮತ್ತೆ ಕೊರೆಸಬೇಕು. ಗಾಡಿಯ ಮೇಲೆ ವೆಲ್ಡ್ ಮಾಡುವುದಾದರೆ ಬ್ಯಾಟರಿ ತಂತಿ ಮೊದಲು ಬಿಚ್ಚಿ. ಕೆಳಗಿನ ತಟ್ಟೆ ಬಾಗಿದ್ದರೆ ಬದಲಾಯಿಸಿ, ಬಾಗಿದ ತಟ್ಟೆಯಲ್ಲಿ ಯೂ ಬೋಲ್ಟಿನ ಬಿಗಿ ಸಮವಾಗುವುದಿಲ್ಲ. ಚಾಸಿಯ ಬ್ರಾಕೆಟ್ಟಿನ ರಿವೆಟ್ ಸಡಿಲವೇ, ಮೂಲೆಯಲ್ಲಿ ಬಿರುಕಿದೆಯೇ ಸುತ್ತಿಗೆಯಿಂದ ತಟ್ಟಿ ನೋಡಿ. ಎರೆ ಮಣ್ಣಿನ ಗಾಡಿಯಾದರೆ ಬ್ರಾಕೆಟ್ಟಿನ ಹಿಂದೆ ಚಾಸಿ ಸ್ಕ್ರೂಡ್ರೈವರ್ ಚುಚ್ಚಿದರೆ ತೂತಾಗುವಷ್ಟು ತೆಳುವಾಗಿರಬಹುದು. ಅಲ್ಲಿ ಹೊಸ ಪ್ಲೇಟು ಹಾಕಿ ಪ್ರಯೋಜನವಿಲ್ಲ, ಚಾಸಿ ಕೆಲಸ ಮೊದಲು.

ಪ್ಲೇಟುಗಳ ನಡುವೆ ಗ್ರೀಸ್ ಮೆತ್ತಬೇಕೆ ಎಂಬ ಪ್ರಶ್ನೆ ಸದಾ ಬರುತ್ತದೆ. ನಮ್ಮ ಸೀಮೆಯ ಧೂಳಿಗೆ ಬೇಡ. ಗ್ರೀಸಿಗೆ ಗಣಿ ಧೂಳು ಅಂಟಿಕೊಂಡು ಅದೇ ಅರೆಯುವ ಹಿಟ್ಟಾಗಿ ಪ್ಲೇಟು ಸವೆಸುತ್ತದೆ. ಗ್ರಾಫೈಟ್ ಬಣ್ಣ ತೆಳ್ಳಗೆ ಹಚ್ಚಿ ಒಣಗಿಸುವುದು ಸಾಕು. ಅದಕ್ಕೆ ಸೆಟ್ ಬಿಚ್ಚಬೇಕಾದರೆ ಸೆಂಟರ್ ಬೋಲ್ಟಿನ ಎರಡೂ ಪಕ್ಕ ಸಿ ಕ್ಲಾಂಪ್ ಬಿಗಿದು ಆಮೇಲೆ ನಟ್ಟು ತೆಗೆಯಿರಿ. ಕ್ಲಾಂಪಿಲ್ಲದೆ ನಟ್ಟು ತೆಗೆದರೆ ಪ್ಲೇಟುಗಳು ಸಿಡಿಯುತ್ತವೆ, ಬೆರಳು ಮುರಿಯುವಷ್ಟು ಜೋರಾಗಿ.

ಕೂಡಿಸುವುದು

ಸ್ಥಿರ ಪಿನ್ನು ಮೊದಲು, ಶಾಕಲ್ ಆಮೇಲೆ. ಎರಡನ್ನೂ ಸದ್ಯಕ್ಕೆ ಬರಿಗೈಯಲ್ಲಿ ಸುತ್ತಿದಷ್ಟೇ ಬಿಗಿ, ಹೆಚ್ಚಿಲ್ಲ. ರಬ್ಬರ್ ಬುಷ್ಷಿಗೆ ಗ್ರೀಸ್ ಹಾಕಬೇಡಿ, ಗ್ರೀಸಿನ ಎಣ್ಣೆ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಸೋಪಿನ ನೀರು ಹಚ್ಚಿ ತೂರಿಸಿ. ಥ್ರೆಡ್ ಬುಷ್ ಆದರೆ ಚಾಸಿ ಕಡೆಯದನ್ನು ಪೂರ್ತಿ ಒಳಕ್ಕೆ ಬಿಗಿದು, ಪ್ಲೇಟಿನ ಕಣ್ಣಿನ ಕಡೆಯದರ ತಲೆಗೂ ಕಣ್ಣಿಗೂ ನಡುವೆ ಸುಮಾರು ಒಂದು ಮಿ.ಮೀ. ಸಂದಿ ಬಿಡಿ. ಎರಡೂ ಕಚ್ಚಿ ಬಿಗಿದರೆ ಶಾಕಲ್ ಆಡುವುದಿಲ್ಲ.

ಹೌಸಿಂಗನ್ನು ನಿಧಾನಕ್ಕೆ ಇಳಿಸಿ, ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿಗೆ ನೇರ ಬರುವಂತೆ ಹಾರೆಯಿಂದ ಸರಿಸಿ. ತೂತು ಕೂಡಿದೆಯೋ ಎಂದು ಬೆರಳಿಟ್ಟು ನೋಡಬೇಡಿ, ಟಾರ್ಚ್ ಹಿಡಿದು ನೋಡಿ. ತಲೆ ಪೂರ್ತಿ ಕುಳಿತು ಪ್ಲೇಟು ಸೀಟಿಗೆ ಮಟ್ಟಸವಾಗಿ ತಾಗಿದ ಮೇಲೆಯೇ ಯೂ ಬೋಲ್ಟು. ತಲೆ ಕೂರದೆಯೇ ಯೂ ಬೋಲ್ಟಿನ ಬಲದಿಂದ ಎಳೆದು ಕೂರಿಸಲು ಹೋದರೆ ತಲೆ ಅಲ್ಲೇ ಕತ್ತರಿಸುತ್ತದೆ.

ಯೂ ಬೋಲ್ಟಿನ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿಯಿರಿ. 12 ಮಿ.ಮೀ., 8.8 ಗ್ರೇಡಿಗೆ ಸುಮಾರು 80 ನ್ಯೂಟನ್ ಮೀಟರ್, 7/16 ಇಂಚಿಗೆ 70ರ ಆಸುಪಾಸು. ನಿಮ್ಮ ಗಾಡಿಯ ಪುಸ್ತಕವಿದ್ದರೆ ಅದರ ಸಂಖ್ಯೆಯೇ ಕೊನೆ ಮಾತು. ನಾಲ್ಕು ಕಾಲುಗಳಲ್ಲೂ ನಟ್ಟಿನಾಚೆ ಸಮನಾಗಿ ಥ್ರೆಡ್ ಕಾಣಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ತಟ್ಟೆ ಓರೆಯಾಗಿದೆ.

ಈ ಬಿಗಿ ಯಾಕೆ ಇಷ್ಟು ಮುಖ್ಯ? ಭಾರ ಬಿದ್ದಾಗ ಪ್ಲೇಟಿನ ಬಗ್ಗುವಿಕೆಯ ಒತ್ತಡ ನಡುವಿನಲ್ಲೇ ಅತಿ ಹೆಚ್ಚು. ಸೆಂಟರ್ ಬೋಲ್ಟಿಗಾಗಿ ತೂತು ಕೊರೆದಿರುವುದೂ ಅಲ್ಲೇ, ಅಂದರೆ ಅತಿ ದುರ್ಬಲ ಜಾಗವೂ ಅದೇ. ಯೂ ಬೋಲ್ಟು ಬಿಗಿಯಾಗಿದ್ದರೆ ಎರಡು ಯೂ ಬೋಲ್ಟುಗಳ ನಡುವಿನ ಭಾಗ ಸೀಟಿಗೆ ಅಂಟಿಕೊಂಡು ಬಗ್ಗುವುದೇ ಇಲ್ಲ, ತೂತಿಗೆ ಒತ್ತಡ ಮುಟ್ಟುವುದಿಲ್ಲ. ಸಡಿಲವಾದ ದಿನದಿಂದ ಆ ಭಾಗ ಪ್ರತಿ ಗುಂಡಿಗೂ ಬಗ್ಗಿ ಏಳುತ್ತದೆ, ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ. ಜೊತೆಗೆ, ಬ್ರೇಕ್ ಹಿಡಿದಾಗ ಹೌಸಿಂಗನ್ನು ತಡೆಯುವುದು ಯೂ ಬೋಲ್ಟು ಕೊಡುವ ಹಿಡಿತ. ಆ ಹಿಡಿತ ಹೋದರೆ ಪೂರ್ತಿ ಬಲ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸುತ್ತದೆ. ಸೆಂಟರ್ ಬೋಲ್ಟು ಪದೇ ಪದೇ ತುಂಡಾಗುತ್ತಿದ್ದರೆ ದಪ್ಪ ಬೋಲ್ಟು ಹಾಕಲು ತೂತು ದೊಡ್ಡದು ಮಾಡಿಸಬೇಡಿ, ಪ್ಲೇಟು ಇನ್ನಷ್ಟು ದುರ್ಬಲವಾಗುತ್ತದೆ. ಯೂ ಬೋಲ್ಟಿನ ಬಿಗಿ ನೋಡಿ.

ಚಕ್ರ ಹಾಕಿ, ಸ್ಟ್ಯಾಂಡ್ ತೆಗೆದು, ಗಾಡಿಯನ್ನು ನೆಲಕ್ಕಿಳಿಸಿ. ಬಾನೆಟ್ಟಿನ ಕಡೆ, ಹಿಂದಿನ ಕಡೆ ಕೆಲವು ಸಲ ಒತ್ತಿ ಅಲುಗಾಡಿಸಿ. ಮುಂದೆ ಹಿಂದೆ ಒಂದಿಷ್ಟು ದೂರ ಓಡಿಸಿ ತನ್ನಿ. ರಬ್ಬರ್ ಬುಷ್ಷಿನ ಪಿನ್ನುಗಳನ್ನು ಪೂರ್ತಿ ಬಿಗಿಯಬೇಕಾದ್ದು ಈಗ, ಚಕ್ರದ ಮೇಲೆ ಭಾರ ಇರುವಾಗ. ಜಾಕಿನ ಮೇಲೇ ಬಿಗಿದರೆ ರಬ್ಬರ್ ಆ ಇಳಿಬಿದ್ದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ, ನೆಲಕ್ಕಿಳಿದಾಗ ಸದಾ ತಿರುಚಿಕೊಂಡೇ ಇರುತ್ತದೆ. ಕೆಲವೇ ವಾರದಲ್ಲಿ ಹರಿಯುತ್ತದೆ, ಅಲ್ಲಿಯವರೆಗೆ ಗಾಡಿ ಎತ್ತರವಾಗಿ ಗಡುಸಾಗಿ ಕಾಣುತ್ತದೆ, ಹೊಸ ಪ್ಲೇಟಿನ ಗುಣ ಎಂದು ನಂಬುವಂತೆ.

ಎತ್ತರ ಏರಿದ ಮೇಲೆ

ಹೊಸ ಸೆಟ್ಟಿಗೆ ಗಾಡಿ ಎತ್ತರವಾಗುತ್ತದೆ, ಅದರ ಜೊತೆ ಬೇರೆ ಕೆಲವೂ ಬದಲಾಗುತ್ತವೆ. ಚಾಸಿ ಎತ್ತಿ ಹೌಸಿಂಗ್ ತೂಗಿದಾಗ ಬ್ರೇಕ್ ಹೋಸ್ ಬಿಗಿಯಾಗಬಾರದು. ಪ್ರೊಪೆಲರ್ ಶಾಫ್ಟಿನ ಸ್ಲಿಪ್ ಭಾಗ ಹೆಚ್ಚು ಹೊರಬಂದಿದೆಯೇ ನೋಡಿ. ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿದ ಸ್ಥಿತಿ ಮುಟ್ಟುತ್ತಿದ್ದರೆ ಒಳಗೆ ಒಡೆಯುತ್ತದೆ, ಉದ್ದದ್ದು ಬೇಕು. ಸ್ಟಿಯರಿಂಗ್ ಚಕ್ರ ಒಂದು ಕಡೆ ತಿರುಗಿ ನಿಲ್ಲುವುದು ಸ್ಟಿಯರಿಂಗಿನ ತಿರುವನ್ನು ಚಕ್ರದತ್ತ ಒಯ್ಯುವ ಸರಳಿನ, ಅಂದರೆ ಡ್ರ್ಯಾಗ್ ಲಿಂಕಿನ ಓರೆ ಬದಲಾದ್ದರಿಂದ. ಟೋ (ಮುಂದಿನ ಚಕ್ರಗಳು ಒಳಕ್ಕೆ ಹೊರಕ್ಕೆ ತಿರುಗಿರುವ ಅಳತೆ) ಕೆಟ್ಟಿಲ್ಲ, ಲಿಂಕ್ ಹೊಂದಿಸಿದರೆ ಸಾಕು.

ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲ, ನೇರ ರಸ್ತೆಯಲ್ಲಿ ಗಾಡಿ ಅಲೆದಾಡುತ್ತದೆ ಎಂದಾದರೆ ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕೋನ, ಕಡಿಮೆಯಾಗಿದೆ. ವಿಲ್ಲೀಸ್ ವಿನ್ಯಾಸದಲ್ಲಿ ಅದು 3 ಡಿಗ್ರಿ. ಸೀಟಿಗೂ ಪ್ಲೇಟಿಗೂ ನಡುವೆ ಉಕ್ಕಿನ ಬೆಣೆ ತಟ್ಟೆ ಹಾಕಿ ಸರಿಪಡಿಸಬಹುದು. ಅಲ್ಯೂಮಿನಿಯಂ ಬೆಣೆ ಅಪ್ಪಚ್ಚಿಯಾಗಿ ಯೂ ಬೋಲ್ಟನ್ನು ಸಡಿಲಿಸುತ್ತದೆ. ಬೆಣೆ ಹಾಕಿದರೆ ಸೆಂಟರ್ ಬೋಲ್ಟಿನ ತಲೆ ಸೀಟಿನವರೆಗೆ ತಲುಪುತ್ತದೆಯೇ ಅಳೆದು ನೋಡಿ, ಇಲ್ಲವಾದರೆ ಉದ್ದ ತಲೆಯದ್ದು ಬೇಕು.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಯೂ ಬೋಲ್ಟುಗಳನ್ನು ಮತ್ತೆ ಅದೇ ಅಳತೆಗೆ ಬಿಗಿಯಿರಿ. 500ಕ್ಕೆ ಇನ್ನೊಮ್ಮೆ, ಆಮೇಲೆ ಪ್ರತಿ ಸರ್ವೀಸಿಗೆ. ಪ್ಲೇಟುಗಳ ನಡುವಿನ ಬಣ್ಣ, ತುಕ್ಕು ಅರೆದು ಕಂತೆ ತೆಳ್ಳಗಾಗುವುದರಿಂದ ಮೊದಲ ಬಿಗಿ ಇಳಿದೇ ಇಳಿಯುತ್ತದೆ. ಗ್ಯಾರೇಜಿನಲ್ಲಿ ಮಾಡಿಸಿದರೂ ಈ ಮರುಬಿಗಿತಕ್ಕೆ ವಾಪಸ್ ಹೋಗಿ. ಹೆಚ್ಚಿನವರು ಮಾಡದೆ ಬಿಟ್ಟುಬಿಡುವ ಹಂತ ಇದೇ, ಬಿಟ್ಟರೆ ಪ್ಲೇಟು ಮುರಿಸುವುದೂ ಇದೇ.

ಗುಡ್ಡದ ದಾರಿಯಲ್ಲಿ ಓಡುವ ಗಾಡಿಯ ಟೂಲ್ ಡಬ್ಬಿಯಲ್ಲಿ ಒಂದು ಸೆಂಟರ್ ಬೋಲ್ಟು, ನಟ್ಟು ಸಮೇತ ಎರಡು ಯೂ ಬೋಲ್ಟು, ಒಂದೂವರೆ ಮೀಟರ್ ಸರಪಳಿ, ಗಟ್ಟಿ ಮರದ ಒಂದು ತುಂಡು ಇರಲಿ. ದಾರಿಯಲ್ಲಿ ಮೇನ್ ಪ್ಲೇಟು ಮುರಿದರೆ ಚಾಸಿ ಎತ್ತಿ, ಹೌಸಿಂಗಿಗೂ ಚಾಸಿಗೂ ನಡುವೆ ಮರದ ತುಂಡು ಕೊಟ್ಟು ಭದ್ರವಾಗಿ ಕಟ್ಟಿ. ಮುರಿದದ್ದು ಸ್ಥಿರ ಪಿನ್ನಿನ ಕಡೆಯಾದರೆ ಹೌಸಿಂಗ್ ಆ ಬ್ರಾಕೆಟ್ಟಿನಿಂದ ದೂರ ಜರುಗುತ್ತದೆ. ಜರುಗದಂತೆ ಹೌಸಿಂಗಿನಿಂದ ಬ್ರಾಕೆಟ್ಟಿಗೆ ಸರಪಳಿ ಬಿಗಿಯಿರಿ, ಬ್ರೇಕ್ ಪೈಪು ಒಳಗೆ ಸಿಕ್ಕದಂತೆ ನೋಡಿಕೊಳ್ಳಿ. ಜನರನ್ನೂ ಸಾಮಾನನ್ನೂ ಇಳಿಸಿ, ನಡಿಗೆಯ ವೇಗದಲ್ಲಿ, ಬ್ರೇಕನ್ನು ಆದಷ್ಟು ಮುಟ್ಟದೆ ಗೇರಿನ ಮೇಲೇ ಇಳಿಸಿಕೊಂಡು ಹತ್ತಿರದ ಗ್ಯಾರೇಜಿಗೆ ತನ್ನಿ.